ಕರಿಕೋಟಿನ ಲೆಕ್ಕ

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಮನೆ. ತಂದೆ ಅಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ಲೇಥ್ ಕೆಲಸಗಾರ. ಮಗ ಪಿಯುಸಿ ವಿಜ್ಞಾನದಲ್ಲಿ ಪಾಸಾಗಿ, ‘ಅಪ್ಪಾ, ನಾ ಲಾ ಓದತೀನಿ’ ಎಂದ. ತಂದೆ ಕೇಳಿದ್ದು ಒಂದೇ ಮಾತು: ‘ಎಷ್ಟು ವರ್ಷಕ್ಕ ಗಳಸ್ತೀಯಪಾ?’

ಪ್ರಶ್ನೆ ತಪ್ಪಲ್ಲ. ಪಿಯುಸಿ ನಂತರ ಐದು ವರ್ಷ, ಪದವಿಯ ನಂತರವಾದರೆ ಮೂರು ವರ್ಷ ಓದು. ವಕೀಲಿ ಮಾಡಲು ವಕೀಲರ ಪರಿಷತ್ತಿನ ನೋಂದಣಿ ಬೇಕು, ಅಖಿಲ ಭಾರತ ಪರೀಕ್ಷೆಯೂ ಪಾಸಾಗಬೇಕು. ಅಷ್ಟಾದರೂ ಹಿರಿಯರ ಕೈಕೆಳಗೆ ಫೈಲು ಹೊರುವ ವರ್ಷಗಳು ತಪ್ಪುವುದಿಲ್ಲ. ಆಗ ಸಿಗುವ ಹಣ ಬಸ್ ಖರ್ಚಿಗೂ ಸಾಲದಿರಬಹುದು.

ಅನುಕೂಲವೂ ಉಂಟು. ನವನಗರದಲ್ಲಿ 2009ರಿಂದ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. 2008ರಲ್ಲಿ ಧಾರವಾಡಕ್ಕೆ ಬಂದ ಹೈಕೋರ್ಟ್ ಸಂಚಾರಿ ಪೀಠ 2013ರಲ್ಲಿ ಕಾಯಂ ಆಯಿತು. ಮೇಲ್ಮನವಿಗಾಗಿ ಬೆಂಗಳೂರಿಗೆ ರಾತ್ರಿ ಬಸ್ ಹಿಡಿಯುವ ಕಾಲ ಹೋಯಿತು.

ಒಂದು ದಿನ ತಂದೆ-ಮಗ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿದರು. ಸಿನಿಮಾದಂಥ ವಾದ ಇರಲಿಲ್ಲ. ಕಾಗದದ ಕಟ್ಟು, ಮುಂದಿನ ತಾರೀಖು, ಕಾದು ಕೂತ ರೈತರು. ಮರಳುವಾಗ ಮಗ, ‘ಆ ಅಜ್ಜಗ ಕೇಸ್ ಯಾಕ ಮುಂದ ಹೋತು ಅಂತ ಯಾರೂ ತಿಳಿಸಿ ಹೇಳಲಿಲ್ಲಲ್ಲಪ್ಪಾ’ ಎಂದ.

ತಂದೆ ಸ್ವಲ್ಪ ದೂರ ಸುಮ್ಮನೆ ನಡೆದರು. ‘ಮೊದಲ ಬಿಎಸ್ಸಿ ಮುಗಸ್ತೀಯೋ, ಈಗ ಸೇರತೀಯೋ, ಅಷ್ಟ ನೋಡು. ಉಳದ್ದು ನನಗ ಬಿಡು’ ಎಂದರು.