ಎರಡು ಗಲ್ಲಾ

ಕಾಯಿಲೆಯ ಮಾತನ್ನು ನಮ್ಮ ಜನ ಇಷ್ಟಪಟ್ಟು ಆಡುತ್ತಾರೆ. ಮಗಳ ಜಾತಕದ ಮಾತನ್ನು ಗಂಟೆಗಟ್ಟಲೆ ಆಡುತ್ತಾರೆ. ತೆರಿಗೆಯ ಮಾತು ಬಂದರೆ ಮಾತ್ರ, 'ಅದನ್ನೆಲ್ಲ ನಮ್ಮ ಆಡಿಟರು ನೋಡಿಕೊಳ್ಳುತ್ತಾರೆ' ಎಂದು ಎದ್ದು ಚಪ್ಪಲಿ ಹುಡುಕತೊಡಗುತ್ತಾರೆ. ಆಡಿಟರನ್ನು ಇಟ್ಟುಕೊಳ್ಳುವ ಶಕ್ತಿ ಇದ್ದವರ ಪಾಡು ಹೇಗೋ ನಡೆದೀತು. ಇಲ್ಲದವರ ಗತಿ ಏನು? ಬೀದರಿನ ಓಣಿಯ ಕಿರಾಣಿ ಅಂಗಡಿಯವರು, ಭಾಲ್ಕಿಯ ಕಬ್ಬಿಣದ ವ್ಯಾಪಾರಿ, ಔರಾದಿನಲ್ಲಿ ಚರಂಡಿ ಕಟ್ಟಿಸುವ ಸಣ್ಣ ಗುತ್ತಿಗೆದಾರ—ಇವರೆಲ್ಲ ಆ ಮಾತನ್ನು ಒಮ್ಮೆಯಾದರೂ ಕುಳಿತು ಕೇಳಲೇಬೇಕಾದವರು.

ಬಗದಲ್ ಕಡೆಯ ಗುತ್ತಿಗೆದಾರನೊಬ್ಬ ನನಗೆ ಪರಿಚಿತ. ಶಾಲೆಯ ಆವರಣದ ಗೋಡೆ, ಪಂಚಾಯಿತಿಯ ಚರಂಡಿ, ನಡುನಡುವೆ ಯಾರದಾದರೂ ಮನೆ—ಇದು ಅವನ ಉದ್ಯೋಗ. ನಾನು ಬಹುಕಾಲ ಲೆಕ್ಕ ಬರೆದು ಬದುಕಿದವನೆಂಬ ಒಂದೇ ಕಾರಣಕ್ಕೆ ಅವನಿಗೆ ನನ್ನಲ್ಲಿ ಅಪಾರ ನಂಬಿಕೆ. ಅವನು ಕೇಳಿದ ಪ್ರಶ್ನೆ ಇದು: "ಕಾಕಾ, ನಾ ಏನ್ ಮಾರ್ತೀನ್ರಿ? ನಂದೇನ್ ದುಕಾನ್ ಅದಾ? ಗ್ವಾಡಿ ಕಟ್ತೀನಿ. ಗ್ವಾಡಿ ಕಟ್ಟಿದ್ದಕ್ಕ ಸೇಲ್‌ಟ್ಯಾಕ್ಸ್ ಯಾಕ್ರಿ?"

ಪ್ರಶ್ನೆ ಹಳ್ಳಿಯದೆಂದು ನಗಬೇಡಿ. ಇದನ್ನೇ ಗ್ಯಾನನ್ ಡಂಕರ್ಲೆ ಎಂಬ ದೊಡ್ಡ ಕಂಪನಿ ಮದರಾಸು ಸರ್ಕಾರದ ಎದುರು ಕೇಳಿ, 1958ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತ್ತು. ಕಟ್ಟಡ ಕಟ್ಟಿಕೊಡುವ ಅಖಂಡ ಒಪ್ಪಂದದಲ್ಲಿ ಇಟ್ಟಿಗೆ, ಸಿಮೆಂಟುಗಳ ಮಾರಾಟ ನಡೆಯುವುದಿಲ್ಲ, ಆದ್ದರಿಂದ ರಾಜ್ಯಗಳು ಅದರ ಮೇಲೆ ಮಾರಾಟ ತೆರಿಗೆ ಹಾಕುವಂತಿಲ್ಲ ಎಂಬುದು ತೀರ್ಪು. ಸರ್ಕಾರಗಳು ಸುಮ್ಮನಿದ್ದಾವೆಯೆ? 1982ರಲ್ಲಿ ಸಂವಿಧಾನಕ್ಕೇ 46ನೆಯ ತಿದ್ದುಪಡಿ ತಂದು, ಕಾಮಗಾರಿಯಲ್ಲಿ ಸೇರಿಹೋದ ಸಾಮಾನನ್ನು ಮಾರಿದಂತೆಯೇ ಭಾವಿಸತಕ್ಕದ್ದು ಎಂದರು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಅದೇ ಕಾಮಗಾರಿ 'ಸೇವೆ' ಎನಿಸಿಕೊಂಡಿತು. ಗೋಡೆ ಅದೇ, ಗಾರೆ ಅದೇ. ಕಾನೂನಿನ ಕಣ್ಣಿಗೆ ಅದು ಒಂದು ಕಾಲಕ್ಕೆ ಮಾರಾಟವಲ್ಲ, ಮತ್ತೊಂದು ಕಾಲಕ್ಕೆ ಮಾರಾಟ, ಈಗ ಸೇವೆ. ನಮ್ಮ ಗುತ್ತಿಗೆದಾರ ತಬ್ಬಿಬ್ಬಾದರೆ ಆಶ್ಚರ್ಯವೇನು?

ಅದರಲ್ಲೂ ನಮ್ಮ ಜಿಲ್ಲೆಯವರು ತೆರಿಗೆಯ ಹೆಸರು ಬದಲಾಗುವುದನ್ನು ಬಹಳ ಕಂಡವರು. ಹೈದರಾಬಾದ್ ರಾಜ್ಯದಲ್ಲಿದ್ದಾಗ 1950ರ ಮಾರಾಟ ತೆರಿಗೆ ಕಾಯಿದೆ. 1956ರ ನವೆಂಬರಿನಲ್ಲಿ ಜಿಲ್ಲೆ ಹರಿದು ಹಂಚಿತು: ಉದಗೀರ್ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಆಂಧ್ರಕ್ಕೆ, ಬೀದರ್, ಭಾಲ್ಕಿ, ಔರಾದ್‌ಗಳು ಮೈಸೂರಿಗೆ. ಮರುವರ್ಷ ಅಕ್ಟೋಬರಿನಿಂದ ಮೈಸೂರು ಮಾರಾಟ ತೆರಿಗೆ ಕಾಯಿದೆ, 2005ರ ಏಪ್ರಿಲಿನಿಂದ ವ್ಯಾಟ್, ಆಮೇಲೆ ಜಿ.ಎಸ್.ಟಿ. ನಿನ್ನೆಯವರೆಗೆ ಒಂದೇ ಜಿಲ್ಲೆಯ ಪೇಟೆಗಳಾಗಿದ್ದ ಭಾಲ್ಕಿ, ಉದಗೀರುಗಳ ನಡುವೆ ನಾಕಾ ಎದ್ದಿತು. ಮಾರಾಟ ತೆರಿಗೆಯ ಆ ನಾಕಾಗಳು 2017ರಲ್ಲಿ ಹೋದವು; ಗಡಿ ಮಾತ್ರ ಹೋಗಲಿಲ್ಲ. ಅದು ಈಗ ಬಿಲ್ಲಿನೊಳಗೆ ಬಂದು ಕುಳಿತಿದೆ.

ಹೇಗೆನ್ನುತ್ತೀರಾ? ಬರೀ ಸಾಮಾನು ಮಾರುವ ಕರ್ನಾಟಕದ ವ್ಯಾಪಾರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಸೇವೆಯವರಿಗೆ ಈ ಮಿತಿ 20 ಲಕ್ಷ; ಸಾಮಾನು ಸಹಿತ ಕಟ್ಟಿಕೊಡುವ ಗುತ್ತಿಗೆದಾರನೂ ಈ 20 ಲಕ್ಷದ ಸಾಲಿನವನೇ. ಆದರೆ ಔರಾದಿನ ವ್ಯಾಪಾರಿ ತೆರಿಗೆಯುಳ್ಳ ಸಾಮಾನನ್ನು ಗಡಿಯಾಚೆಯ ದೇಗಲೂರಿನ ಅಂಗಡಿಗೆ ಕಳುಹಿಸಿದನೋ, ಕೆಲವು ಕರಕುಶಲ ವಸ್ತುಗಳಂಥ ವಿನಾಯಿತಿಯ ಹೊರತು, ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಸಣ್ಣವರ ಅನುಕೂಲಕ್ಕೆಂದು ರಾಜಿ ತೆರಿಗೆಯ ಯೋಜನೆಯೊಂದಿದೆ: ಒಂದೂವರೆ ಕೋಟಿಯವರೆಗಿನ ವರ್ತಕರು ನೂರಕ್ಕೆ ಒಂದರಂತೆ ತಮ್ಮ ಕೈಯಿಂದ ಕಟ್ಟಿ ನಿಶ್ಚಿಂತರಾಗಬಹುದು. ಅವರೂ ಗಡಿಯಾಚೆಗೆ ಸಾಮಾನು ಮಾರುವಂತಿಲ್ಲ, ಗಿರಾಕಿಯಿಂದ ತೆರಿಗೆಯೆಂದು ಒಂದು ಪೈಸೆಯನ್ನೂ ಕೇಳುವಂತಿಲ್ಲ.

ಇನ್ನೊಂದು ಸೂಕ್ಷ್ಮ. ಬಿಡಿಯಾಗಿ ತೂಗಿ ಕೊಡುವ ತೊಗರಿಬೇಳೆ, ಅಕ್ಕಿಗೆ ತೆರಿಗೆಯಿಲ್ಲ. ಬರೀ ಅದನ್ನೇ ಮಾರುವವನಿಗೆ ನೋಂದಣಿಯೂ ಬೇಡ. ಅದೇ ಅಂಗಡಿಯಲ್ಲಿ ಸಾಬೂನು, ಬಿಸ್ಕತ್ತು ಇಟ್ಟರೆ, 40 ಲಕ್ಷದ ಲೆಕ್ಕಕ್ಕೆ ಬೇಳೆಯ ವಹಿವಾಟೂ ಸೇರುತ್ತದೆ. ತೆರಿಗೆ ಮಾತ್ರ ಸಾಬೂನಿಗೆ. ಹಾಗೆಯೇ, ಮನೆಯ ಯಜಮಾನನೇ ಸಿಮೆಂಟು, ಇಟ್ಟಿಗೆ ತಂದು, ಮೇಸ್ತ್ರಿ ಬರೀ ಕೂಲಿಗೆ ಒಂದು ಒಂಟಿ ಮನೆಯನ್ನು ಹೊಸದಾಗಿ ಕಟ್ಟಿಕೊಟ್ಟರೆ ಆ ಕೂಲಿಗೆ ತೆರಿಗೆಯಿಲ್ಲ. ಸಾಮಾನನ್ನೂ ಮೇಸ್ತ್ರಿಯೇ ತಂದರೆ ಮಾತು ಬೇರೆ.

ಇದೆಲ್ಲ ತಿಳಿದರೂ ಸಣ್ಣ ಮನುಷ್ಯ ಮುಳುಗುವುದು ಬೇರೊಂದು ಕಡೆ. ಬಗದಲಿನ ನನ್ನ ಸ್ನೇಹಿತ ಐದು ಲಕ್ಷದ ಸರ್ಕಾರಿ ಕೆಲಸ ಮಾಡಿದನೆನ್ನಿ. ನೂರಕ್ಕೆ 18ರಂತೆ ತೆರಿಗೆ 90,000. ಸಿಮೆಂಟು, ಕಬ್ಬಿಣಕ್ಕೆ ಎರಡು ಲಕ್ಷ ಹಾಕಿದ್ದರೆ ಅದರ ಮೇಲೆ ಅವನು ಅಂಗಡಿಯಲ್ಲೇ 36,000 ತೆರಿಗೆ ಕೊಟ್ಟಿರುತ್ತಾನೆ. ಪಕ್ಕಾ ಬಿಲ್ಲಿದ್ದು, ಅಂಗಡಿಯವನು ಆ ಬಿಲ್ಲನ್ನು ತನ್ನ ವಿವರಪಟ್ಟಿಯಲ್ಲಿ ತೋರಿಸಿದ್ದರೆ ಅದು ಕಳೆದು 54,000 ಉಳಿಯಿತು. ಎರಡೂವರೆ ಲಕ್ಷಕ್ಕೆ ಮೀರಿದ ಗುತ್ತಿಗೆಯಾದ್ದರಿಂದ ಸರ್ಕಾರಿ ಕಚೇರಿ ಮೊದಲೇ ನೂರಕ್ಕೆ ಎರಡರಂತೆ 10,000 ಹಿಡಿದು ಅವನ ಹೆಸರಿಗೆ ಜಮೆ ಮಾಡುತ್ತದೆ. ಇನ್ನು ಕಟ್ಟಬೇಕಾದದ್ದು 44,000. ಕಚ್ಚಾ ಚೀಟಿಯ ಮೇಲೆ ಸಿಮೆಂಟು ತಂದಿದ್ದರೆ 36,000ದ ಕಳೆತ ಸಿಕ್ಕದು; ಹತ್ತು ರೂಪಾಯಿ ಅಗ್ಗವಾಯಿತೆಂದು ತಂದದ್ದು ಕೊನೆಗೆ ತುಟ್ಟಿಯಾಗುತ್ತದೆ.

ಬೇರೆ ಕಡಿತಗಳನ್ನು ಬದಿಗಿಟ್ಟರೆ ಅವನ ಬ್ಯಾಂಕಿಗೆ ಬಂದದ್ದು 5,80,000. ಅದರಲ್ಲಿ ಈ 44,000 ಅವನದಲ್ಲ. ಆದರೆ ನೋಟಿನ ಮೇಲೆ 'ಇದು ಸರ್ಕಾರದ್ದು' ಎಂದು ಬರೆದಿರುತ್ತದೆಯೆ? ಅದೇ ಖಾತೆಯಿಂದ ಕೂಲಿ ಹೋಗುತ್ತದೆ, ಮಗನ ಕಾಲೇಜಿನ ಫೀಸು ಹೋಗುತ್ತದೆ, ತಂಗಿಯ ಮದುವೆಯ ಸೀರೆ ಹೋಗುತ್ತದೆ. ತೆರಿಗೆ ಕಟ್ಟುವ ಗಡುವು ಬಂದಾಗ ಗಲ್ಲಾ ಬರಿದು. ಆಗ ವರ್ಷಕ್ಕೆ ನೂರಕ್ಕೆ 18ರ ಬಡ್ಡಿ. ಕೆಲಸವೇ ಇಲ್ಲದ ಅವಧಿಗೂ ಸೊನ್ನೆಯ ವಿವರಪಟ್ಟಿ ಹಾಕಬೇಕು; ಮರೆತರೆ ದಿನಕ್ಕೆ 20 ರೂಪಾಯಿ ದಂಡ.

ಒಂದೇ ಗಲ್ಲಾದ ಕಷ್ಟವನ್ನು 2025ರ ಜುಲೈಯಲ್ಲಿ ಇಡೀ ರಾಜ್ಯ ಕಂಡಿತು. ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ಹೋಯಿತು. ಅನೇಕರು ಕ್ಯೂಆರ್ ಚೀಟಿ ಕಿತ್ತೆಸೆದು 'ನಗದು ಮಾತ್ರ' ಎಂದು ಹಲಗೆ ತೂಗಿಹಾಕಿದರು. ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅದೇ ತಿಂಗಳು ಹೇಳಿದ ಮೇಲೆ ಗದ್ದಲ ಇಳಿಯಿತು. ಆದರೆ ಪಾಠ ಉಳಿಯಿತು. ಖಾತೆಗೆ ಬಂದ ಹಣವೆಲ್ಲ ವ್ಯಾಪಾರವಲ್ಲ. ಭಾವಮೈದುನ ತೀರಿಸಿದ ಕೈಗಡವೂ ಅಲ್ಲೇ ಬಿದ್ದಿರುತ್ತದೆ. ಅದನ್ನು ವ್ಯಾಪಾರವಲ್ಲವೆಂದು ತೋರಿಸುವ ಭಾರ ಮಾತ್ರ ಅಂಗಡಿಯವನ ಮೇಲೆ. ಮನೆಯ ಖಾತೆ, ಅಂಗಡಿಯ ಖಾತೆ ಬೇರೆಬೇರೆ ಇದ್ದವನಿಗೆ ಇದು ಒಂದು ಹಾಳೆಯ ಉತ್ತರ. ಇಲ್ಲದವನಿಗೆ ನಾಲ್ಕು ವರ್ಷದ ಕನಸಿನ ಹುಡುಕಾಟ.

ಎರಡು ಗಲ್ಲಾ ಇಡುವ ಬುದ್ಧಿಯನ್ನು ಬೀದರಿನವರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಮೂಲತಃ ವ್ಯಾಪಾರಿ. ಬಹಮನಿ ಸುಲ್ತಾನರ ಮಂತ್ರಿಯಾದ ಮೇಲೂ ಅವನ ಬಿರುದು 'ಮಲಿಕ್-ಉತ್-ತುಜ್ಜಾರ್', ಅಂದರೆ ವರ್ತಕರ ಒಡೆಯ. ಭೂಮಿ ಅಳೆಸಿ ಕಂದಾಯ ನಿಗದಿ ಮಾಡಿಸಿದವನೂ ಅವನೇ. 1481ರಲ್ಲಿ ಸುಲ್ತಾನನ ಅಪ್ಪಣೆಯಿಂದ ಅವನ ತಲೆ ಹೋಯಿತು. ಆಮೇಲೆ ಸುಲ್ತಾನ ಅವನ ಖಜಾಂಚಿಯನ್ನು ಕರೆದು ಹಣವೆಲ್ಲಿ ಎಂದು ಕೇಳಿದನಂತೆ. ಒಡೆಯರದು ಎರಡು ಖಜಾನೆ, ಒಂದು ದೊರೆಯದು, ಒಂದು ಬಡವರದು ಎಂದು ಖಜಾಂಚಿ ಹೇಳಿದನೆಂದು ಫರಿಶ್ತಾ ಬರೆಯುತ್ತಾನೆ. ಸೈನ್ಯದ ಖರ್ಚು ಮೊದಲಿನದರಿಂದ. ಸ್ವಂತ ಊಟದ ಖರ್ಚು ತಾನು ಪರ್ಷಿಯಾದಿಂದ ತಂದ ಬಂಡವಾಳದ ವ್ಯಾಪಾರದಿಂದ. ಬಡವರ ಖಜಾನೆಯಲ್ಲಿ ಉಳಿದದ್ದು ಕೆಲವು ಲಾರಿ ಮಾತ್ರ—ಲಾರಿ ಎಂದರೆ ಆ ಕಾಲದ ಬೆಳ್ಳಿಯ ನಾಣ್ಯ, ನಮ್ಮ ಗುತ್ತಿಗೆದಾರರು ಮರಳು ಹೊರಿಸುವ ಲಾರಿಯಲ್ಲ.

ಅವನು ಸತ್ತದ್ದಾದರೂ ಹೇಗೆ? ಕುಡಿದ ಮುದ್ರೆಗಾರನಿಂದ ಖಾಲಿ ಕಾಗದದ ಮೇಲೆ ಗವಾನನ ಮುದ್ರೆ ಒತ್ತಿಸಿಕೊಂಡು, ವೈರಿಗಳು ಅದರ ಮೇಲೆ ರಾಜದ್ರೋಹದ ಪತ್ರ ಬರೆದರು. ಇಂದು ಮುದ್ರೆಯ ಸ್ಥಾನದಲ್ಲಿ ಪ್ಯಾನ್, ಆಧಾರ್, ಮೊಬೈಲಿಗೆ ಬರುವ ಓ.ಟಿ.ಪಿ. ಇವೆ. 'ನಾನು ನೋಡಿಕೊಳ್ಳುತ್ತೇನೆ, ನಂಬರ್ ಹೇಳಿ' ಎಂದವನಿಗೆಲ್ಲ ಹೇಳಿಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಇನ್ನೊಬ್ಬರ ಕಾಗದಪತ್ರದ ಮೇಲೆ ಸುಳ್ಳು ಅಂಗಡಿ ನೋಂದಾಯಿಸಿ ಸುಳ್ಳು ಬಿಲ್ಲು ಹರಿಸುವ ದಂಧೆ ಎಷ್ಟು ಬೆಳೆಯಿತೆಂದರೆ, 2023ರ ಮೇ ತಿಂಗಳಿನಿಂದ ಎರಡು ತಿಂಗಳು ದೇಶದಾದ್ಯಂತ ಅದರ ವಿರುದ್ಧ ವಿಶೇಷ ತಪಾಸಣೆಯನ್ನೇ ನಡೆಸಬೇಕಾಯಿತು. ಲೆಕ್ಕ ಬರೆಯುವುದನ್ನು ಇನ್ನೊಬ್ಬರಿಗೆ ವಹಿಸಬಹುದು, ಮುದ್ರೆಯನ್ನು ವಹಿಸಬಾರದು.

ಸಣ್ಣವರಿಗೆ ಇಷ್ಟು ಬುದ್ಧಿ ಹೇಳಿದ ಮೇಲೆ ದೊಡ್ಡವರಿಗೂ ಒಂದು ಮಾತು ಸಲ್ಲಬೇಕು. ಗುತ್ತಿಗೆದಾರ ಬಿಲ್ಲು ಕೊಟ್ಟ ತಿಂಗಳೇ ತೆರಿಗೆಯ ಹೊಣೆ ಹುಟ್ಟುತ್ತದೆ; ಬಿಲ್ಲಿನ ಹಣ ಬರುವುದು ಮಾತ್ರ ಇನ್ನಾವುದೋ ತಿಂಗಳು. ಅಂದರೆ ಸರ್ಕಾರ ತಾನೇ ಇನ್ನೂ ಕೊಡದ ಹಣದ ಮೇಲಿನ ತೆರಿಗೆಯನ್ನು ಬಡವ ಸಾಲ ತಂದು ಕಟ್ಟಬೇಕು. ಎರಡು ಗಲ್ಲಾ ಇಡು ಎಂದು ಹೇಳುವವರು ಅವನ ಗಲ್ಲಾಕ್ಕೆ ಹಣವನ್ನೂ ಕಾಲಕ್ಕೆ ಸರಿಯಾಗಿ ಹಾಕಬೇಕಷ್ಟೆ.

ಇನ್ನು ಉಳಿದವರು ಗಿರಾಕಿಗಳಾದ ನಾವು. ತೆರಿಗೆ ಕಟ್ಟುವವನು ಅಂಗಡಿಯವನೆಂದು ನಾವು ಹಾಯಾಗಿರುತ್ತೇವೆ. ಕೊಡುವವರು ನಾವೇ, ಅವನು ನಡುವೆ ನಿಂತು ಹೊತ್ತೊಯ್ಯುವವನು. ಸಿಮೆಂಟಿನ ಅಂಗಡಿಯಲ್ಲಿ 'ಬಿಲ್ ಬೇಕ್ರಿ, ಬ್ಯಾಡ್ರಿ?' ಎಂಬ ಪ್ರಶ್ನೆ ಬಂದಾಗ, ಬೇಕೆಂದು ಹೇಳಲು ಒಂದು ನಿಮಿಷ ಹೆಚ್ಚು ನಿಲ್ಲಬೇಕಾದೀತು. ನಿಲ್ಲೋಣ. ನಾವು ಎಣಿಸಿ ಕೊಟ್ಟ ಹಣ ಯಾವ ಗಲ್ಲಾಕ್ಕೆ ಬಿತ್ತೆಂದು ನೋಡುವುದಕ್ಕೆ ನಮಗಿರುವ ಅವಕಾಶ ಅದೊಂದೇ.