ಬೀಳಗಿಯಿಂದ ಹೊರಟ ಹಾಡು

ಬಾದಾಮಿಗೆ ಹೋದ ಪ್ರವಾಸಿಕರು ಸಾಮಾನ್ಯವಾಗಿ ಗುಹೆಗಳನ್ನು ನೋಡಿ, ಅಗಸ್ತ್ಯತೀರ್ಥದ ದಂಡೆಯಲ್ಲಿ ತುಸು ಹೊತ್ತು ಕುಳಿತು, ಪಟ್ಟದಕಲ್ಲು ಐಹೊಳೆಗಳ ಹಾದಿ ಹಿಡಿಯುತ್ತಾರೆ. ಚಾಲುಕ್ಯರ ಕೀರ್ತಿಯ ಮುಂದೆ ಉಳಿದುದೆಲ್ಲ ಮಂಕಾಗುವುದು ಸಹಜವೇ. ಆದರೆ ಪುಷ್ಯಮಾಸದ ಹುಣ್ಣಿಮೆಗೆ ಆ ಕಡೆ ಹೋಗುವ ಯೋಗ ಒದಗಿದರೆ, ಐದು ಕಿಲೋಮೀಟರು ದೂರದ ಚೊಳಚಗುಡ್ಡದಲ್ಲಿರುವ ಬನಶಂಕರಿಯ ಸನ್ನಿಧಿಗೆ ವಾಚಕರು ತಪ್ಪದೆ ಹೋಗಬೇಕು. ತೇರು ಮುಗಿದ ಮೇಲೆ ರಾತ್ರಿಯೂ ಅಲ್ಲಿಯೇ ನಿಲ್ಲಬೇಕು.

ಹರಿದ್ರಾತೀರ್ಥದ ಸುತ್ತಲಿನ ಕಲ್ಲುಮಂಟಪಗಳು ಕತ್ತಲೆಯಲ್ಲಿ ಕರಗುತ್ತಲೇ ನಾಟಕ ಕಂಪನಿಗಳ ಡೇರೆಗಳಲ್ಲಿ ದೀಪ ಹೊತ್ತುತ್ತವೆ. ಒಂದರ ಮಗ್ಗುಲಿಗೊಂದು ಕಂಪನಿ, ಬೆಳಗಿನವರೆಗೂ ಆಟ. ಇಳಕಲ್ಲಿನ ಕೆಂಪು ಸೆರಗಿನ ಸೀರೆಯುಟ್ಟ ತಾಯಂದಿರು ಎಳ್ಳು ಹಚ್ಚಿದ ಸಜ್ಜಿರೊಟ್ಟಿಯ ಗಂಟನ್ನು ಮಡಿಲಲ್ಲಿರಿಸಿಕೊಂಡು ಮುಂದಿನ ಸಾಲನ್ನೇ ಹಿಡಿಯುತ್ತಾರೆ. ಇಂದಿನ ಆಟಗಳಲ್ಲಿ ಹಾಸ್ಯದ ಅಬ್ಬರವೂ ಧ್ವನಿವರ್ಧಕದ ಆರ್ಭಟವೂ ಹೆಚ್ಚು. ಅವುಗಳಲ್ಲಿ ಕೆಲವು ಮಾತುಗಳನ್ನು ತರಗತಿಯಲ್ಲಿ ಉದಾಹರಿಸುವ ಧೈರ್ಯ ನನಗಿಲ್ಲ. ಹಿಂದೆ ಕಂಪನಿ ನಾಟಕವೆಂದರೆ ಹಾಡು. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ಹೇಳಿದರು: “ಆಗ ಮೈಕ್ ಎಲ್ಲಿತ್ರೀ ಸರ? ಕಡೇ ಸಾಲಿನ್ಯಾಗ ಕುಂತಾಂವಗ ಹಾಡು ಮುಟ್ಟಲಿಲ್ಲಂದ್ರ ಮರುದಿನ ಅಂವಗ ಪಾರ್ಟು ಇಲ್ಲ!”

ಈ ಒಣಭೂಮಿಯ ಹಳ್ಳಿಗಳಲ್ಲಿ ಹಾಡುವ ಕೊರಳಿಗೆ ಅರಮನೆಯ ಆಶ್ರಯವಿರಲಿಲ್ಲ. ಕಂಪನಿಯೇ ಪಾಠಶಾಲೆ, ಕಂಪನಿಯೇ ಅನ್ನ. ಧಾರವಾಡದ ಬಳಿಯ ಮನ್ಸೂರಿನ ಒಕ್ಕಲು ಮನೆಯ ಹುಡುಗ ಮಲ್ಲಿಕಾರ್ಜುನ ನಾಟಕದಲ್ಲಿ ಹಾಡುತ್ತಿದ್ದಾಗಲೇ ಮಿರಜಿನ ನೀಲಕಂಠ ಬುವಾ ಅವರ ಕಿವಿಗೆ ಬಿದ್ದು, ಅವರ ಶಿಷ್ಯನಾದನು. ಹುನಗುಂದದ ಸೀಮೆಯಲ್ಲಿ, ಇಳಕಲ್ಲಿನ ಹತ್ತಿರದ ಕಂದಗಲ್ಲಿನಲ್ಲಿ 1896ರಲ್ಲಿ ಹುಟ್ಟಿದ ಹನುಮಂತರಾಯರು ‘ರಕ್ತರಾತ್ರಿ’ಯಂತಹ ನಾಟಕಗಳಿಂದ ಈ ರಂಗಭೂಮಿಗೆ ಮಾತಿನ ಬಲ ಕೊಟ್ಟರು. ಹೊರಗೆ ಹೋಗುವ ದಾರಿಯೂ ಸಿದ್ಧವಾಗಿತ್ತು. ಬಾದಾಮಿ, ಬಾಗಲಕೋಟೆ, ವಿಜಯಪುರ, ಹೊಟಗಿ—ಆ ಹಳಿ ಹಿಡಿದರೆ ಸೊಲ್ಲಾಪುರದ ಮೇಲಿಂದ ಮುಂಬಯಿ. ಈ ಪ್ರಾಂತವೆಲ್ಲ ಆಗ ಮುಂಬಯಿ ಇಲಾಖೆಗೆ ಸೇರಿದ್ದು. ಬೆಂಗಳೂರು ಇನ್ನೊಬ್ಬ ಅರಸರ ರಾಜ್ಯ.

ಆ ದಾರಿಯಲ್ಲಿ ಎಲ್ಲರಿಗಿಂತ ದೂರ ನಡೆದವಳು ಬೀಳಗಿಯ ಹುಡುಗಿ.

ಬಾಗಲಕೋಟೆಯಿಂದ ಬೀಳಗಿಗೆ ಹೋಗುವಾಗ ಅನಗವಾಡಿಯ ಸೇತುವೆಯ ಮೇಲೆ ಘಟಪ್ರಭೆಯನ್ನು ದಾಟಬೇಕು. ಆಲಮಟ್ಟಿಯ ಹಿನ್ನೀರು ತುಂಬಿದ ದಿನಗಳಲ್ಲಿ ಅದು ಹೊಳೆಯೋ ಸಮುದ್ರವೋ ಎಂಬ ಭ್ರಾಂತಿಯಾಗುತ್ತದೆ. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿ, ಜನರನ್ನು ನವನಗರಕ್ಕೆ ಕಳಿಸಿದ ನೀರೂ ಅದೇ. ಅದರಾಚೆಗಿನ ಬೀಳಗಿಯಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹುಟ್ಟಿದವರು ಅಮೀರಬಾಯಿ. ಅಕ್ಕ ಗೋಹರಬಾಯಿಯೂ ಹಾಡುವವರೇ. ಮುಂದೆ ಬಾಲಗಂಧರ್ವರ ನಾಟಕ ಮಂಡಳಿ ಸೇರಿ ಮಹಾರಾಷ್ಟ್ರದಲ್ಲೆಲ್ಲ ಹೆಸರಾದರು. ತಂಗಿ ಹರೆಯದಲ್ಲಿಯೇ ಮುಂಬಯಿ ಸೇರಿ, 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಕಾಣಿಸಿಕೊಂಡರು. 1943ರ ‘ಕಿಸ್ಮತ್’ ಬಂದ ಮೇಲೆ ಅವರ ಧ್ವನಿ ಕೇಳದ ಊರು ಉಳಿಯಲಿಲ್ಲ. ಅನಿಲ್ ಬಿಸ್ವಾಸರ ಸಂಗೀತದ ಆ ಚಿತ್ರ ಕಲಕತ್ತೆಯ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಪರಕೀಯರು ತೊಲಗಲೆಂದು ಸಾರುವ ಅದರ ಗೀತೆಯಲ್ಲಿ ಜರ್ಮನರ, ಜಪಾನಿಗಳ ಹೆಸರಿತ್ತಾದ್ದರಿಂದ ಬ್ರಿಟಿಷರ ಸೆನ್ಸಾರು ಅದನ್ನು ಬಿಟ್ಟಿತು. ಕೇಳಿದ ಜನಕ್ಕೆ ಮಾತ್ರ ಅರ್ಥ ಸ್ಪಷ್ಟವಾಗಿಯೇ ಇತ್ತು. ಅದನ್ನು ಹಾಡಿದ ಕೊರಳುಗಳಲ್ಲಿ ಬೀಳಗಿಯದೂ ಒಂದು. ಮರುವರ್ಷ ನೌಷಾದರ ‘ರತನ್’ ಬಂದಿತು.

ಅವರ ಹೆಸರಿನ ಬಗೆಗೆ ಒಂದು ಮಾತು. ಗಂಗೂಬಾಯಿಯವರ ಹಿಂದೆ ಹಾನಗಲ್ಲಿದೆ, ಮಲ್ಲಿಕಾರ್ಜುನರ ಹಿಂದೆ ಮನ್ಸೂರಿದೆ. ಅಮೀರಬಾಯಿಯವರ ಹಿಂದೆ ಬೀಳಗಿಯಿಲ್ಲ, ಅವರು ‘ಕರ್ನಾಟಕಿ’. ಪರನಾಡಿನವರಿಗೆ ಬೀಳಗಿಯ ಗುರುತೆಲ್ಲಿ? ಆದರೆ ಆಗ ಕರ್ನಾಟಕವೆಂಬ ರಾಜ್ಯವೂ ನಕ್ಷೆಯಲ್ಲಿರಲಿಲ್ಲ. 1956ರಲ್ಲಿ ಒಂದಾದ ನಾಡಿಗೆ ಆ ಹೆಸರು ಬಂದುದು 1973ರಲ್ಲಿ. ಅಷ್ಟರಲ್ಲಿ ಅಮೀರಬಾಯಿಯವರು ತೀರಿಕೊಂಡು ಎಂಟು ವರ್ಷಗಳಾಗಿದ್ದುವು.

ಈ ಹೆಸರಿಗೆ ಅವರು ತೆತ್ತ ಬೆಲೆಯನ್ನು ನಾವು ಲೆಕ್ಕವಿಟ್ಟಿಲ್ಲ. ಚಿತ್ರನಟ ಹಿಮಾಲಯವಾಲಾರೊಡನೆ ನಡೆಸಿದ ದಾಂಪತ್ಯ ಮುರಿದುಬಿತ್ತು. ಐವತ್ತರ ದಶಕ ಬರುತ್ತಲೇ ಹೊಸ ಕೊರಳುಗಳು ಮುಂದಾಗಿ, ಇವರಿಗೆ ಸಣ್ಣಪುಟ್ಟ ಪಾತ್ರಗಳು ಉಳಿದುವು. ಗಂಡು ಗಾಯಕನು ಮನೆ ಬಿಟ್ಟರೆ ಅದು ಸಾಧನೆಯ ಕಥೆಯಾಗುತ್ತದೆ. ಹೆಣ್ಣು ಬಣ್ಣ ಹಚ್ಚಿ ಮನೆ ಬಿಟ್ಟರೆ ಊರು ಬೇರೆಯೇ ಮಾತಾಡುತ್ತದೆ. ರಾತ್ರಿ ಡೇರೆಯಲ್ಲಿ ಚಪ್ಪಾಳೆ ತಟ್ಟಿದ ಕೈಗಳೇ ಬೆಳಗಾದರೆ ಆಕೆಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತವೆ. ಆದರೂ ಅಮೀರಬಾಯಿಯವರು ತಮ್ಮ ಸೀಮೆಯನ್ನು ಮರೆಯಲಿಲ್ಲ. ವಿಜಯಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಜ್ ಎದ್ದಿತು.

ಬೀಳಗಿಯ ಬಸ್ ನಿಲ್ದಾಣದ ಎದುರಿನ ಚಹದಂಗಡಿಯಲ್ಲಿ ಅವರ ಹೆಸರೆತ್ತಿದೆ. ತರುಣರು ಒಬ್ಬರ ಮುಖವನ್ನೊಬ್ಬರು ನೋಡಿದರು. ಮೂಲೆಯ ಬಾಕಿನ ಮೇಲಿದ್ದ ಹಿರಿಯರು ಮಾತ್ರ, “ನಮ್ಮೂರ ಹೆಣ್ಣಮಗಳರೀ ಆಕಿ,” ಎಂದು ಪಟ್ಟನೆ ನುಡಿದರು. ಹುಡುಗನೊಬ್ಬ ಮೊಬೈಲಿನಲ್ಲಿ ಹುಡುಕಿ ‘ಕಿಸ್ಮತ್’ ಚಿತ್ರದ ಮೋಡದ ಹಾಡನ್ನು ಹಚ್ಚಿದ. ಎಂಬತ್ತು ವರ್ಷ ದಾಟಿದ ಆ ಧ್ವನಿ, ಒಲೆಯ ಬುಸುಗುಟ್ಟುವಿಕೆಯ ನಡುವೆ, ನಿಧಾನವಾಗಿ ಅಂಗಡಿಯನ್ನೆಲ್ಲ ತುಂಬಿತು. ಬಾಗಲಕೋಟೆಯ ಬಸ್ಸು ಬಂದು ಹಾರ್ನು ಹಾಕುತ್ತಿತ್ತು. “ಇನ್ನೊಮ್ಮೆ ಹಚ್ಚೋ ತಮ್ಮಾ,” ಎಂದರು ಹಿರಿಯರು. ನಾನು ಮುಂದಿನ ಬಸ್ಸಿಗೆ ಉಳಿದೆ.