ಜಾಮ್ ಆದ ಪಿನ್ನು

ಜೆಸಿಬಿಯ ತೋಳಿಗೂ ಬಕೆಟ್ಟಿಗೂ ನಡುವೆ ಒಂದು ಪಿನ್ನಿರುತ್ತದೆ. ಪಿನ್ನು ಎಂದ ಕೂಡಲೇ ಸೆರಗಿಗೆ ಸಿಕ್ಕಿಸುವುದನ್ನು ನೆನೆಯಬಾರದು. ಇದು ಮುಂಗೈ ದಪ್ಪದ, ಗೇಣಿಗಿಂತ ತುಸು ಉದ್ದದ ಉಕ್ಕಿನ ಗೂಟ. ಬಕೆಟ್ಟು ಮಡಚಿದರೂ ಚಾಚಿದರೂ ಭಾರವೆಲ್ಲ ಇದರ ಮೇಲೇ. ಪಿನ್ನಿನ ಸುತ್ತ ಬುಷ್ಷು, ಎರಡರ ನಡುವೆ ಕಂಡೂ ಕಾಣದಷ್ಟು ಸಂದು, ಆ ಸಂದಿನಲ್ಲಿ ಗ್ರೀಸು. ದಿನಾ ಕೆಲಸಕ್ಕೆ ಮೊದಲು ನಿಪ್ಪಲ್ಲಿಗೆ ಗ್ರೀಸ್ ಗನ್ನು ಹಚ್ಚಿ ನಾಲ್ಕು ಸಲ ಒತ್ತಬೇಕು. ಗ್ರೀಸು ಹೊಡೆಯದ ಡ್ರೈವರನ್ನು ಬೈಯುವುದು ನಮ್ಮ ಚನ್ನಗಿರಿ ಕಡೆ ಯಂತ್ರ ಇಟ್ಟುಕೊಂಡವರೆಲ್ಲರ ನಿತ್ಯಕರ್ಮ. ಹೊಡೆಯುವುದು ಮಾತ್ರ ಯಾರ ನಿತ್ಯಕರ್ಮವೂ ಅಲ್ಲ.

ನನ್ನ ತಮ್ಮನ ಹತ್ತಿರ ಅಂಥದೊಂದು ಸೆಕೆಂಡ್ ಹ್ಯಾಂಡ್ ಯಂತ್ರವಿದೆ. ಅಡಿಕೆ ತೋಟಗಳಿಗೆ ಬಸಿಗಾಲುವೆ ತೆಗೆಯುವುದು ಅದರ ಮುಖ್ಯ ಸಂಪಾದನೆ. ತೋಟದ ಕೆಲಸವಿಲ್ಲದ ಒಂದು ಮಳೆಗಾಲವನ್ನು ಅದು ಪೂರ್ತಿ ಬೇಲಿಯ ಪಕ್ಕ ನೆನೆಯುತ್ತಾ ಕಳೆಯಿತು. ಮಳೆ ನಿಂತು ಸ್ಟಾರ್ಟ್ ಮಾಡಿದರೆ ಎಂಜಿನ್ನು ಸಲೀಸಾಗಿ ಎದ್ದಿತು; ಪಿನ್ನು ಮಾತ್ರ ಬುಷ್ಷನ್ನು ಕಚ್ಚಿ ಹಿಡಿದಿತ್ತು. ‘ಜಾಮ್ ಆಗೇತಣ್ಣ’ ಎಂದು ತಮ್ಮ ಫೋನು ಮಾಡಿದ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗೆ ಫೋನು ಮಾಡಿ ಏನು ಪ್ರಯೋಜನ ಎಂದು ಅವನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಪಿನ್ನು ಹಾಳಾಗುವ ಬಗೆ ಊರಿಂದೂರಿಗೆ ಬೇರೆ. ಜಗಳೂರಿನಲ್ಲಿ ಓಡಾಡಿದ ಯಂತ್ರದ ಪಿನ್ನು ತುಕ್ಕು ಹಿಡಿಯುವುದು ಕಡಿಮೆ. ಆ ಬರದ ಸೀಮೆಯಲ್ಲಿ ಯಂತ್ರ ತಿನ್ನುವುದು ಧೂಳು. ಧೂಳು ಗ್ರೀಸಿಗೆ ಅಂಟಿ, ಅದೇ ಸಾಣೆಯ ಹಿಟ್ಟಾಗಿ, ಪಿನ್ನನ್ನು ಒಂದು ಕಡೆಯಿಂದ ಸವೆಸುತ್ತದೆ. ಬಕೆಟ್ಟು ಗಡಗಡ ಎನ್ನುತ್ತದೆ, ಆದರೆ ಪಿನ್ನು ಕೈಯಲ್ಲಿ ಎಳೆದರೂ ಬರುತ್ತದೆ. ಹೊನ್ನಾಳಿ ಕಡೆ ಅದು ತಿರುಗುಮುರುಗು. ಅಲ್ಲಿನ ಭತ್ತದ ಗದ್ದೆಯ ಕೆಸರಿನಲ್ಲಿ ಇಳಿದು ಕೊಯ್ಲು ಮಾಡುವ ಚೈನ್ ಮಿಷನ್ನುಗಳ ಸಂದುಗೊಂದಿಗೆಲ್ಲ ನೀರು ಸೇರಿ, ಸುಗ್ಗಿ ಮುಗಿದು ಶೆಡ್ಡಿನಲ್ಲಿ ನಿಂತ ಮೇಲೆ ಒಳಗೊಳಗೇ ಕೆಲಸ ಶುರುವಾಗುತ್ತದೆ. ಅದೇ ಹೊನ್ನಾಳಿಯನ್ನು ಹಾದು ಹೋಗುವ ತುಂಗಭದ್ರೆ ಹೊಸಪೇಟೆ ತಲುಪಿ ನಿಲ್ಲುವ ಅಣೆಕಟ್ಟೆಯಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ರಭಸದಿಂದ ಹರಿಯುವ ನೀರಿನ ನಡುವೆಯೇ ಸ್ಟಾಪ್‌ಲಾಗ್ ಎಂಬ ತಡೆಹಲಗೆ ಇಳಿಸಿ ತೂತು ಮುಚ್ಚಿದ್ದನ್ನು ನಾವೆಲ್ಲ ಟಿವಿ ಮುಂದೆ ಕೂತು ನೋಡಿದೆವು. ತಮ್ಮ ಆಗಲೂ ಹೇಳಿದ್ದು ಒಂದೇ ಮಾತು: ‘ಗ್ರೀಸ್ ಹೊಡೆದಿದ್ರೋ ಇಲ್ವೋ.’ ಬೇರೆಯವರ ಗೇಟಿನ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು.

ತುಕ್ಕಿನ ಪೀಡೆ ಏನೆಂದರೆ, ಅದು ಕಬ್ಬಿಣವನ್ನು ತಿಂದು ಸುಮ್ಮನಿರುವುದಿಲ್ಲ, ಊದಿಕೊಳ್ಳುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಅದಕ್ಕೆ ಬೇಕು. ಬಯಲಲ್ಲಿದ್ದರೆ ಹಕ್ಕಳೆಯಾಗಿ ಉದುರುತ್ತದೆ. ಕಂಡೂ ಕಾಣದ ಸಂದಿನಲ್ಲಿ ಹುಟ್ಟಿದರೆ ಎಲ್ಲಿಗೆ ಹೋಗಬೇಕು? ಪಿನ್ನನ್ನೂ ಬುಷ್ಷನ್ನೂ ಒತ್ತಿ ಒಂದೇ ತುಂಡು ಮಾಡಿಬಿಡುತ್ತದೆ. ತಮ್ಮನ ಪಿನ್ನಿಗೆ ಡೀಸೆಲ್ ಬಿಟ್ಟರು, ರಾತ್ರಿಯಿಡೀ ನೆನೆಸಿದರು. ಜಾಕು ಕೊಟ್ಟರು. ಹತ್ತು ಕೆಜಿ ಸುತ್ತಿಗೆಯಲ್ಲಿ ಇಬ್ಬರು ಸರದಿಯ ಮೇಲೆ ಬಡಿದರು. ಬಡಿತಕ್ಕೆ ಪಿನ್ನಿನ ತಲೆ ಅರಳಿ ಅಗಲವಾಗಿ, ಹೊರಗೆ ಬರುವ ದಾರಿಯನ್ನು ತಾನೇ ಮುಚ್ಚಿಕೊಂಡಿತು. ಆಮೇಲೆ ವೆಲ್ಡಿಂಗ್ ಸಾಬರನ್ನು ಕರೆಯಲಾಯಿತು.

ಸಾಬರ ಶೆಡ್ಡು ನನಗೆ ಹುಡುಗುತನದಿಂದ ಗೊತ್ತು. ಆಗ ಅದು ಅವರ ಅಪ್ಪನದು. ಸಿಲಿಂಡರಿನಲ್ಲಿ ಅಸಿಟಿಲೀನ್ ಬರುವುದಕ್ಕೆ ಮುಂಚೆ ಅಲ್ಲೊಂದು ಕಾರ್ಬೈಡ್ ಡ್ರಮ್ಮಿತ್ತು. ಡ್ರಮ್ಮಿನಲ್ಲಿ ನೀರು, ನೀರಿಗೆ ಬೂದುಬಣ್ಣದ ಕಾರ್ಬೈಡ್ ಕಲ್ಲು, ಬುಸುಬುಸು ಗ್ಯಾಸು, ಶೆಡ್ಡಿನ ತುಂಬ ಬೆಳ್ಳುಳ್ಳಿ ಕೊಳೆತ ವಾಸನೆ. ಅಲ್ಲಿಂದ ಕದ್ದ ಒಂದು ಚೂರನ್ನು ಮುಚ್ಚಳದ ಡಬ್ಬಿಗೆ ಹಾಕಿ, ಉಗುಳಿ, ತೂತಿಗೆ ಬೆಂಕಿ ತೋರಿಸಿ ಮುಚ್ಚಳ ಹಾರಿಸುವುದು ನಮ್ಮ ದೀಪಾವಳಿ. ಈಗಿನ ಮಕ್ಕಳಿಗೆ ಅದನ್ನು ಹೇಳಿಕೊಡುವುದಿಲ್ಲ. ನಮ್ಮ ಓಣಿಯಲ್ಲಿ ಹುಬ್ಬಿಲ್ಲದ ಒಬ್ಬ ಹುಡುಗನಿದ್ದ. ಆ ಕಲ್ಲಿನ ಹುಟ್ಟೂ ಒಂದು ಆಕಸ್ಮಿಕ. 1892ರಲ್ಲಿ ಥಾಮಸ್ ವಿಲ್ಸನ್ ಎಂಬಾತ ಅಮೆರಿಕದಲ್ಲಿ ಅಲ್ಯೂಮಿನಿಯಂ ಅಗ್ಗವಾಗಿ ಮಾಡುವ ಹಂಬಲದಲ್ಲಿ ಸುಣ್ಣ ಮತ್ತು ಡಾಂಬರನ್ನು ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದ. ಸಿಕ್ಕಿದ್ದು ಕಾರ್ಬೈಡ್. ಅಷ್ಟರಲ್ಲೇ ಜರ್ಮನಿಯ ಕಾರ್ಲ್ ಫೊನ್ ಲಿಂಡೆ 1895ರಲ್ಲಿ ಗಾಳಿಯನ್ನು ದ್ರವವಾಗಿಸಿ, ಮುಂದಿನ ಕೆಲವೇ ವರ್ಷಗಳಲ್ಲಿ ಅದರಿಂದ ಆಕ್ಸಿಜನ್ ಬೇರೆ ಮಾಡಿದ. ಈ ಎರಡೂ ಸೇರಿದ್ದರಿಂದ ಲೋಕಕ್ಕೆ ಗ್ಯಾಸ್ ಕಟಿಂಗ್ ಬಂತು.

ಗ್ಯಾಸ್ ಕಟಿಂಗ್‌ನಲ್ಲಿ ಬೆಂಕಿ ಕಬ್ಬಿಣವನ್ನು ಕರಗಿಸುತ್ತದೆ ಎಂದು ನೋಡುವವರು ತಿಳಿಯುತ್ತಾರೆ. ಹಾಗಲ್ಲ. ಅಸಿಟಿಲೀನಿನ ಕೆಲಸ ಕಬ್ಬಿಣವನ್ನು ಕೆಂಪಗೆ, ಸುಮಾರು 900 ಡಿಗ್ರಿಗೆ, ಕಾಯಿಸುವುದು ಮಾತ್ರ. ಕರಗಬೇಕಾದರೆ 1,500 ದಾಟಬೇಕು. ಕೆಂಪಾದ ಜಾಗಕ್ಕೆ ಶುದ್ಧ ಆಕ್ಸಿಜನ್ ಬಿಟ್ಟ ಕೂಡಲೇ ಕಬ್ಬಿಣವೇ ಸೌದೆಯಾಗಿ ಉರಿಯತೊಡಗುತ್ತದೆ. ಇದನ್ನು ನಾನು ಮಕ್ಕಳಿಗೆ ವರ್ಷ ವರ್ಷವೂ ತೋರಿಸಿದವನು. ಪೊಟ್ಯಾಸಿಯಂ ಪರ್ಮಾಂಗನೇಟ್ ಕಾಯಿಸಿ ಆಕ್ಸಿಜನ್ ಹಿಡಿದು, ಜಾಡಿಯ ತಳದಲ್ಲಿ ಮರಳು ಹಾಕಿ, ತುದಿ ಕಾಯಿಸಿದ ಕಬ್ಬಿಣದ ತಂತಿಯನ್ನು ಇಳಿಬಿಟ್ಟರೆ ಸುರುಸುರುಬತ್ತಿ. ಲವಾಸಿಯೆ ತನ್ನ 1789ರ ಪುಸ್ತಕದಲ್ಲಿ ಈ ಪ್ರಯೋಗವನ್ನು ವಿವರಿಸಿದ್ದಾನೆ, ಮೊದಲು ತೋರಿಸಿದವನು ಇಂಗೆನ್‌ಹೌಸ್ ಎಂದು ಹೇಳಿಯೇ. ತುಕ್ಕು ಹಿಡಿಯುವುದೂ ಅದೇ, ಉರಿಯುವುದೂ ಅದೇ: ಕಬ್ಬಿಣ ಆಕ್ಸಿಜನ್ನನ್ನು ಕೂಡುವುದು. ಬೇಲಿಯ ಪಕ್ಕ ಮಳೆಯ ಜೊತೆ ಸೇರಿ ನಿಧಾನವಾಗಿ ಪಿನ್ನು ಕೆಡಿಸಿದ ಗಾಳಿಯನ್ನೇ ಕಪ್ಪು ಸಿಲಿಂಡರಿನಲ್ಲಿ ತುಂಬಿ ತಂದು ಪಿನ್ನು ಬಿಡಿಸುವುದು ಎಂದರೆ, ಜಗಳ ಹಚ್ಚಿದ ದಾಯಾದಿಯನ್ನೇ ಪಂಚಾಯಿತಿಗೆ ಕೂರಿಸಿದ ಹಾಗೆ.

ಆದರೆ ನಮ್ಮ ಪಿನ್ನಿಗೆ ಕಟಿಂಗ್ ಸೆಟ್ಟು ಸಾಲಲಿಲ್ಲ. ಹೊರಗೆ ಚಾಚಿದ ತಲೆಯನ್ನು ಅದು ನೀಟಾಗಿ ಕತ್ತರಿಸಿತು. ಒಳಗಿನ ಗೇಣುದ್ದಕ್ಕೆ ಇಳಿಯಬೇಕೆಂದರೆ ಉರಿದ ಕಬ್ಬಿಣದ ಕಿಟ್ಟ ಹಿಂದಕ್ಕೆ ಹಾರಿ ನಾಜಿಲ್ಲಿಗೇ ಅಡರುತ್ತದೆ. ಕೈ ತುಸು ವಾಲಿದರೆ ಪಿನ್ನಿನ ಬದಲು ತೋಳೇ ಹೋಗುತ್ತದೆ. ಸಾಬರು ಬೀಡಿ ಆರಿಸಿ ಹೇಳಿದರು: ‘ಇದಕ್ಕೆ ಆಕ್ಸಿಜನ್ ಪೈಪೇ ಆಗ್ಬೇಕು ಮೇಷ್ಟ್ರೇ.’

ಇಂಗ್ಲಿಷ್ ಪುಸ್ತಕಗಳಲ್ಲಿ ಥರ್ಮಲ್ ಲ್ಯಾನ್ಸ್ ಎಂದು ಕರೆಸಿಕೊಳ್ಳುವ ಈ ಸಾಧನದಷ್ಟು ಬಡ ಸಾಧನ ಇನ್ನೊಂದಿಲ್ಲ. ಒಂದು ಕಬ್ಬಿಣದ ಪೈಪು, ಅದರೊಳಗೆ ತುರುಕಿದ ಕಬ್ಬಿಣದ ತಂತಿಗಳು, ಹಿಂದೆ ಹಿಡಿ ಮತ್ತು ವಾಲ್ವು, ವಾಲ್ವಿಗೆ ಆಕ್ಸಿಜನ್ ಹೋಸು. ತುದಿಯನ್ನು ಕೆಂಪಗೆ ಕಾಯಿಸಿ ಆಕ್ಸಿಜನ್ ಬಿಟ್ಟರೆ ಪೈಪೇ ಉರಿಯುತ್ತದೆ. ಆ ಉರಿ 3,000 ಡಿಗ್ರಿಯನ್ನು ಮೀರುತ್ತದೆ, ಕಾಂಕ್ರೀಟೂ ಅದರ ಮುಂದೆ ಕರಗುತ್ತದೆ. 1901ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಮೆನ್ನೆ ಇದನ್ನು ಕಂಡುಕೊಂಡದ್ದು ಊದುಕುಲುಮೆಯ ಬಾಯಿ ಬಿಡಿಸಲು. ಕುಲುಮೆಯಿಂದ ಕರಗಿದ ಕಬ್ಬಿಣ ಹೊರಬರುವ ತೂತಿನಲ್ಲಿ ಲೋಹ ಹೆಪ್ಪುಗಟ್ಟಿದರೆ ಹಾರೆ ಹೊಡೆದು ಪ್ರಯೋಜನವಿಲ್ಲ, ಸುಟ್ಟೇ ಬಿಡಿಸಬೇಕು.

ಊದುಕುಲುಮೆ ನಮಗೇನೂ ದೂರದ್ದಲ್ಲ. ಚನ್ನಗಿರಿಯಲ್ಲಿ ಬಸ್ಸು ಹತ್ತಿದರೆ ಭದ್ರಾವತಿ. ಕೆಮ್ಮಣ್ಣುಗುಂಡಿಯ ಅದಿರು, ಕಾಡಿನ ಕಟ್ಟಿಗೆಯ ಇದ್ದಿಲು, ಎರಡನ್ನೂ ಸೇರಿಸಿ 1923ರಲ್ಲಿ ಮೈಸೂರು ಸಂಸ್ಥಾನದ ಕಾರ್ಖಾನೆ ಕಬ್ಬಿಣ ಇಳಿಸಿತು. ನಷ್ಟದಲ್ಲಿ ತೇಕುತ್ತಿದ್ದ ಅದನ್ನು ಅದೇ ವರ್ಷದಿಂದ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಎತ್ತಿ ನಿಲ್ಲಿಸಿದವರು ವಿಶ್ವೇಶ್ವರಯ್ಯ. ನನ್ನ ಸೋದರಮಾವ ಅಲ್ಲಿ ಕೆಲಸಕ್ಕಿದ್ದರು. ರಜೆಗೆ ಹೋದರೆ ರಾತ್ರಿ ಊಟವಾದ ಮೇಲೆ ಕುಲುಮೆಯ ಬಾಯಿ ತೆರೆಯುವ ಕಥೆ ಹೇಳುತ್ತಿದ್ದರು. ಉದ್ದನೆಯ ಪೈಪು ಹಿಡಿದು ನಿಲ್ಲುವವನ ಪೈಪು ಗಿಡ್ಡವಾಗುತ್ತಾ ಬರುತ್ತದಂತೆ, ಅವನು ಬೆಂಕಿಗೆ ಹತ್ತಿರವಾಗುತ್ತಾ ಹೋಗುತ್ತಾನಂತೆ. ‘ಪೈಪು ಮುಗಿಯೋದ್ರೊಳಗೆ ಕಬ್ಬಿಣ ಬರ್ಬೇಕು, ಇಲ್ಲಾಂದ್ರೆ ನೀನು ಓಡ್ಬೇಕು’ ಎನ್ನುತ್ತಿದ್ದರು ಮಾವ. ಅತ್ತೆ ಒಳಗಿನಿಂದ, ‘ಇವರು ಇದ್ದದ್ದು ಸ್ಟೋರಿನಲ್ಲಿ’ ಎಂದು ಕೂಗುತ್ತಿದ್ದರು.

ಇಷ್ಟು ಮರ್ಯಾದಸ್ಥ ಮೂಲವಿದ್ದರೂ ಈ ಪೈಪು ಹೆಸರು ಮಾಡಿದ್ದು ಕಳ್ಳರ ಕೈಯಲ್ಲಿ. 1971ರಲ್ಲಿ ಲಂಡನ್ನಿನ ಬೇಕರ್ ಸ್ಟ್ರೀಟಿನಲ್ಲಿ ಬ್ಯಾಂಕಿನ ನೆಲಮಾಳಿಗೆಗೆ ಸುರಂಗ ತೋಡಿದವರು ಇದನ್ನು ಪ್ರಯತ್ನಿಸಿ, ಆಗದೆ, ಕೊನೆಗೆ ಸಿಡಿಮದ್ದು ಇಟ್ಟರು. ಹತ್ತು ವರ್ಷದ ಮೇಲೆ ಹಾಲಿವುಡ್ಡು ‘ಥೀಫ್’ ಎಂಬ ಸಿನಿಮಾದಲ್ಲಿ ಇದರ ಕಿಡಿಮಳೆಯನ್ನು ಎಷ್ಟು ಚೆಂದ ತೋರಿಸಿತೆಂದರೆ, ಕಳ್ಳತನವೂ ಒಂದು ಕುಶಲಕಲೆ ಎನ್ನಿಸಬೇಕು. ನಮ್ಮ ನ್ಯಾಮತಿಯೂ ಈ ಪಟ್ಟಿಗೆ ಸೇರಿತು ಎಂದರೆ ನಂಬಬೇಕು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕಿಗೆ ನುಗ್ಗಿದವರು ಗ್ಯಾಸ್ ಕಟರಿನಿಂದ ಲಾಕರು ಕೊರೆದು, ಜನ ಅಡವಿಟ್ಟಿದ್ದ 17 ಕೆಜಿಗೂ ಹೆಚ್ಚು ಚಿನ್ನ ಹೊತ್ತೊಯ್ದರು. ಮರುವರ್ಷ ಪೊಲೀಸರು ಅದರ ಹೆಚ್ಚಿನ ಪಾಲನ್ನು ಪತ್ತೆ ಮಾಡಿದ್ದು ತಮಿಳುನಾಡಿನ ಮದುರೆ ಜಿಲ್ಲೆಯ ಒಂದು ಬಾವಿಯಿಂದ. ಟಿವಿ ಸರಣಿ ನೋಡಿ ಸಂಚು ಹೂಡಿದ್ದರು ಎಂಬುದು ಪೊಲೀಸರ ಮಾತು. ಹೀಗಾಗಿ ‘ಹಗಲು ಬಿಸಿಲು, ರಾತ್ರಿ ಕೂತು ಮುಗಿಸಿಬಿಡೋಣ’ ಎಂದು ತಮ್ಮ ಹೇಳಿದಾಗ ಸಾಬರು ಎರಡೂ ಕೈ ಎತ್ತಿದರು. ‘ಬ್ಯಾಡ ಅಣ್ಣಾ. ನ್ಯಾಮತಿ ಆದ್ಮೇಲೆ ಸಂಜೆ ಆರು ಗಂಟೆ ಮ್ಯಾಲೆ ನಾನು ಸಿಲಿಂಡ್ರು ಮುಟ್ಟಲ್ಲ. ಯಾರಾರ ಕೇಳಿದ್ರೆ ಪಿನ್ನು ಅಂತೀಯ, ನಂಬ್ತಾರಾ?’

ಹಗಲೇ ಆಯಿತು. ಶುರುವಿಗೆ ಮೊದಲು ಅವರು ಸೋಪಿನಪುಡಿ ಹಾಕಿ ಮೊಣಕೈವರೆಗೆ ತೊಳೆದುಕೊಂಡರು. ಎಣ್ಣೆಜಿಡ್ಡಿನ ಕೈ ಆಕ್ಸಿಜನ್ನಿನ ರೆಗ್ಯುಲೇಟರಿಗೆ ತಾಗಕೂಡದು. ಒತ್ತಡದ ಆಕ್ಸಿಜನ್ನಿಗೆ ಗ್ರೀಸು ಸಿಕ್ಕರೆ ಕಿಡಿಯಿಲ್ಲದೆಯೂ ಸಿಡಿಯುತ್ತದೆ. ಗ್ರೀಸು ಸಾಲದೆ ಕೆಟ್ಟ ಯಂತ್ರವನ್ನು ರಿಪೇರಿ ಮಾಡಲು ಗ್ರೀಸು ಕಂಡರಾಗದ ಗ್ಯಾಸು. ಪಿನ್ನಿನ ಎರಡೂ ತುದಿಯಲ್ಲಿದ್ದ ಜಿಡ್ಡನ್ನು ಒರೆಸಿದರು, ಹೈಡ್ರಾಲಿಕ್ ಹೋಸುಗಳನ್ನು ಕಳಚಿ ದೂರ ಸರಿಸಿದರು, ಡೀಸೆಲ್ ಕ್ಯಾನು ಬೇಲಿಯಾಚೆ ಹೋಯಿತು, ನೆಲಕ್ಕೆ ಒಣ ಮರಳು ಬಿತ್ತು. ಒದ್ದೆ ನೆಲಕ್ಕೆ ಆ ಕಿಟ್ಟ ಬಿದ್ದರೆ ಹಬೆ ಎದ್ದು ಮೇಲೆ ಹಾರುತ್ತದಂತೆ. ತಮ್ಮ ಮೊಬೈಲಿನಲ್ಲಿ ವಿಡಿಯೊ ನೋಡಿ ತಾನೇ ಒಂದು ಪೈಪು ತಯಾರು ಮಾಡಿಟ್ಟಿದ್ದ. ಸಾಬರು ಅದನ್ನು ತಿರುಗಿಸಿ ನೋಡಿ, ‘ಗ್ಯಾಲ್ವನೈಜ್’ ಎಂದು ಪಕ್ಕಕ್ಕೆ ಎಸೆದರು. ಸತುವಿನ ಹೊಗೆ ಕುಡಿದು ಚಳಿಜ್ವರದಲ್ಲಿ ಮಲಗಿದ ಅನುಭವ ಅವರಿಗಿತ್ತು. ತಮ್ಮದೇ ಪೈಪು ತಂದಿದ್ದರು, ಬೆಂಕಿ ಹಿಂದಕ್ಕೆ ಬಾರದಂತೆ ತಡೆಯುವ ಹಿತ್ತಾಳೆಯ ಅರೆಸ್ಟರನ್ನೂ.

2021ರ ಏಪ್ರಿಲಿನಲ್ಲಿ ಕೋವಿಡ್ ಅಲೆಯ ನಡುವೆ ಕೈಗಾರಿಕೆಗೆ ಆಕ್ಸಿಜನ್ ಕೊಡುವುದನ್ನು ನಿಲ್ಲಿಸಿದಾಗ ಸಾಬರ ಶೆಡ್ಡು ತಿಂಗಳುಗಟ್ಟಲೆ ಮುಚ್ಚಿತ್ತು. ಇದ್ದ ಕಪ್ಪು ಸಿಲಿಂಡರುಗಳನ್ನು ಸಾಬರೇ ಆಸ್ಪತ್ರೆಗೆಂದು ಕಳಿಸಿಕೊಟ್ಟಿದ್ದರು. ಆಸ್ಪತ್ರೆಯ ಸಿಲಿಂಡರಿಗೆ ಹೆಗಲು ಬಿಳಿ, ಉಳಿದದ್ದು ಇದರಂತೆಯೇ ಕಪ್ಪು. ಆ ದಿನಗಳ ಮಾತು ಅವರು ಎತ್ತುವುದಿಲ್ಲ, ನಾವೂ ಕೇಳುವುದಿಲ್ಲ.

ತುದಿ ಕೆಂಪಾಯಿತು, ವಾಲ್ವು ತೆರೆಯಿತು. ಜಾಡಿಯಲ್ಲಿ ನಾನು ಮಕ್ಕಳಿಗೆ ತೋರಿಸುತ್ತಿದ್ದುದು ಇದೇ ಎಂದು ಹೇಳಲು ನಾಚಿಕೆಯಾಗುವಷ್ಟು ದೊಡ್ಡ ಉರಿ. ಕಪ್ಪು ಗಾಜಿನ ಆಚೆ ಬಿಳಿ ಚುಕ್ಕೆ, ಅದರ ಸುತ್ತ ಕಿಡಿಯ ಛತ್ರಿ. ಪಿನ್ನಿನ ಸರಿಯಾದ ನಡುಮಧ್ಯಕ್ಕೆ ಸಾಬರು ಪೈಪು ಒತ್ತಿದರು. ಕರಗಿದ್ದೆಲ್ಲ ಅದೇ ತೂತಿನಿಂದ ಸುರಿದು ಮರಳಿಗೆ ಬೀಳುತ್ತಿತ್ತು. ಪೈಪು ಮಾವ ಹೇಳಿದ ಹಾಗೆಯೇ ಗಿಡ್ಡವಾಗುತ್ತಾ ಬಂತು. ಆಚೆ ಬದಿಯಿಂದ ಕಿಡಿ ಚಿಮ್ಮಿದಾಗ ವಾಲ್ವು ಮುಚ್ಚಿ, ‘ಈಗ ಯಾರೂ ಬಡೀಬ್ಯಾಡ್ರಿ, ಚಾ ತರಿಸ್ರಿ’ ಎಂದರು.

ಗುಟ್ಟಿರುವುದು ಈ ಚಹಾದ ಹೊತ್ತಿನಲ್ಲಿ. ಪೈಪು ಪಿನ್ನನ್ನು ಹೊರಗೆ ತಳ್ಳುವುದಿಲ್ಲ, ನಡುವೆ ತೂತು ಮಾಡುತ್ತದೆ ಅಷ್ಟೆ. ಕಾದಾಗ ಹಿಗ್ಗಲು ಹೋದ ಪಿನ್ನನ್ನು ಸುತ್ತಲಿನ ತಣ್ಣನೆಯ ದಪ್ಪ ಲೋಹ ಹಿಗ್ಗಗೊಡಲಿಲ್ಲ. ಮೆತ್ತಗಾದದ್ದು ಒಳಗಿನ ಟೊಳ್ಳಿನ ಕಡೆ ಒತ್ತಿಕೊಂಡಿತು. ಆರುವಾಗ ಇನ್ನಷ್ಟು ಒಳಕ್ಕೆ ಕುಗ್ಗಿ ತುಕ್ಕಿನ ಪದರದಿಂದ ಬಿಡಿಸಿಕೊಂಡಿತು. ಇದನ್ನು ನಾನು ಸಮೀಕರಣ ಸಮೇತ ವಿವರಿಸುತ್ತಿದ್ದಾಗ ಸಾಬರು ಎದ್ದು ಹೋಗಿ ಚಿಕ್ಕ ಸುತ್ತಿಗೆಯಲ್ಲಿ ತಟ್ಟಿದರು. ಪಿನ್ನು ಒಂದು ಬೆರಳಷ್ಟು ಆಚೆ ಹೋಯಿತು. ಮತ್ತೆ ತಟ್ಟಿದರು, ಬಿತ್ತು.

ಹೊಸ ಪಿನ್ನು ದಾವಣಗೆರೆಯ ಲೇತಿನಲ್ಲಿ ತಯಾರಾಯಿತು. ಲೇತು ಹರಿಹರದ ಕಿರ್ಲೋಸ್ಕರ್; 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿದರೂ ಅದರ ಲೇತುಗಳು ಸುತ್ತಿನ ಊರುಗಳಲ್ಲಿ ಇನ್ನೂ ದುಡಿಯುತ್ತಿವೆ.

ಹಳೆಯ ಪಿನ್ನು ಬಿದ್ದ ಹೊತ್ತಿಗೆ, ಅಲ್ಲಿಯವರೆಗೂ ಬೇಲಿ ಹಿಡಿದು ನೋಡುತ್ತಿದ್ದ ಪಕ್ಕದ ತೋಟದ ಗೌಡರು ಸಾಬರನ್ನು ಕರೆದರು. ನಮ್ಮ ಮನೆಯ ಏಣಿ, ದೋಟಿ, ಪಂಪುಸೆಟ್ಟಿನ ಪೈಪು, ಎಲ್ಲ ಅವರ ಮನೆಯಲ್ಲೇ ಹೆಚ್ಚು ಕಾಲ ಇರುವುದು. ‘ಸಾಬ್ರೇ, ನಮ್ಮ ಹಳೇ ಆಲೆಮನೆ ಗಾಣದ ಶಾಫ್ಟು ಜಾಮಾಗೈತೆ. ಆ ಮಿಷನ್ ಒಂದು ಎರಡು ದಿನಕ್ಕೆ ಕೊಡ್ರಿ, ವಾಪಸ್ ಕಳಿಸ್ತೀನಿ.’

‘ಅದು ಉರ್ದೋಯ್ತು ಗೌಡ್ರೇ. ಅದು ಇರೋದೇ ಉರಿಯಾಕೆ.’

‘ಪೂರ್ತಿ?’

ಸಾಬರು ಹಿಡಿಯ ತುದಿಗೆ ಉಳಿದಿದ್ದ ಗೇಣುದ್ದದ ಮೊಂಡು ಪೈಪನ್ನು ಬಿಚ್ಚಿ ತೋರಿಸಿದರು. ಗೌಡರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇರ್ಲಿ, ಇದೇ ಆಗುತ್ತೆ’ ಎಂದು ಟವೆಲಿನಲ್ಲಿ ಸುತ್ತಿಕೊಂಡು ಹೊರಟರು.